ಕೋಡ್ ನಮ್ಮದು, ಗೋಡೆ ಯಾರದು? ಕ್ಲೌಡ್ ಬಾಡಿಗೆಯ 20 ವರ್ಷಗಳ ಕಥೆ

ಈಗ ಹಾಲಿನ ಸೊಸೈಟಿಗೂ ಆ್ಯಪ್ ಬೇಕು, ರೈತ ಉತ್ಪಾದಕರ ಕಂಪನಿಗೂ ವೆಬ್‌ಸೈಟ್ ಬೇಕು. ಶಾಲೆಯ ಹಾಜರಿ, ಸಂಘದ ಉಳಿತಾಯ, ನೀರಿನ ಬಿಲ್ಲು ಎಲ್ಲವೂ ಮೊಬೈಲಿಗೆ ಬರುತ್ತಿವೆ. ಇವನ್ನು ಮಾಡಿಸುವಾಗ ಆಡಳಿತ ಮಂಡಳಿಯವರು ಸಾಮಾನ್ಯವಾಗಿ ಎರಡೇ ಮಾತು ಕೇಳುತ್ತಾರೆ: ಎಷ್ಟಾಗುತ್ತದೆ? ಯಾವಾಗ ಕೊಡುತ್ತೀರಿ?

ಕೇಳಬೇಕಾದ ಇನ್ನೆರಡು ಪ್ರಶ್ನೆಗಳಿವೆ. ಈ ಆ್ಯಪ್‌ನ ಕೋಡ್ ಯಾರದು? ನಾಳೆ ಇದನ್ನು ಓಡಿಸುತ್ತಿರುವ ಕಂಪನಿ ಬಾಗಿಲು ಹಾಕಿದರೆ, ಇಲ್ಲವೇ ಬಾಡಿಗೆಯನ್ನು ಮೂರು ಪಟ್ಟು ಮಾಡಿದರೆ, ಇದನ್ನು ಎತ್ತಿಕೊಂಡು ಬೇರೆ ಕಡೆ ಹೋಗಬಹುದೇ?

ಎರಡೂ ಒಂದೇ ಪ್ರಶ್ನೆಯಂತೆ ಕೇಳಿಸುತ್ತವೆ, ಆದರೆ ಒಂದೇ ಅಲ್ಲ. ಬಾಡಿಗೆ ಮಳಿಗೆಯಲ್ಲಿ ಅಂಗಡಿ ಇಟ್ಟವರಿಗೆ ಇದು ಬೇಗ ಅರ್ಥವಾಗುತ್ತದೆ. ಮಳಿಗೆ ಖಾಲಿ ಮಾಡುವಾಗ ಬೀರು, ತಕ್ಕಡಿ, ಗಲ್ಲಾಪೆಟ್ಟಿಗೆ ಎತ್ತಿಕೊಂಡು ಹೋಗಬಹುದು. ಗೋಡೆಯಲ್ಲೇ ಕಟ್ಟಿಸಿದ ಗೂಡುಗಳನ್ನು ಎತ್ತಿಕೊಂಡು ಹೋಗಲಾಗುವುದಿಲ್ಲ. ಅದಕ್ಕೆ ಖರ್ಚು ಮಾಡಿದ್ದು ನಾವೇ, ಆದರೂ ಅದು ಗೋಡೆಯ ಜೊತೆ ಉಳಿಯುತ್ತದೆ. ಕ್ಲೌಡ್‌ನಲ್ಲಿ ಆ್ಯಪ್ ಇಟ್ಟವರ ಪಾಡೂ ಹೀಗೆಯೇ. ಕಳೆದ 20 ವರ್ಷಗಳಲ್ಲಿ ಯಾರು ಬೀರು ಇಟ್ಟುಕೊಂಡರು, ಯಾರು ಗೂಡು ಕಟ್ಟಿಸಿ ಕೈಸುಟ್ಟುಕೊಂಡರು ಎಂಬ ಕಥೆಯನ್ನು ಇಲ್ಲಿ ಹೇಳುತ್ತಿದ್ದೇವೆ.

ಬಾಡಿಗೆ ಸರ್ವರ್ ಶುರುವಾದದ್ದು

ಕ್ಲೌಡ್ ಎಂದರೆ ಆಕಾಶದಲ್ಲಿ ಇರುವಂಥದ್ದೇನಲ್ಲ. ಬೇರೆಯವರ ಕಟ್ಟಡದಲ್ಲಿರುವ ಕಂಪ್ಯೂಟರನ್ನು ಇಂಟರ್ನೆಟ್ ಮೂಲಕ ಬಾಡಿಗೆಗೆ ಪಡೆಯುವುದು, ಅಷ್ಟೇ. ಆ ಕಂಪ್ಯೂಟರಿಗೆ ಸರ್ವರ್ ಎನ್ನುತ್ತಾರೆ.

ಮೊದಲೂ ಸರ್ವರ್ ಬಾಡಿಗೆಗೆ ಸಿಗುತ್ತಿತ್ತು. ಆದರೆ ತಿಂಗಳಿಗೆ, ವರ್ಷಕ್ಕೆ ಕರಾರು ಮಾಡಿಕೊಳ್ಳಬೇಕಿತ್ತು. 2006ರಲ್ಲಿ ಅಮೆರಿಕದ ಅಮೆಜಾನ್ ಕಂಪನಿ ಇದನ್ನು ಬದಲಿಸಿತು. ಆ ವರ್ಷದ ಮಾರ್ಚ್‌ನಲ್ಲಿ ಫೈಲ್ ಇಡುವ ಜಾಗವನ್ನು ಒಂದು ಜಿಬಿಗೆ ತಿಂಗಳಿಗೆ 15 ಸೆಂಟ್‌ನಂತೆ ಕೊಡತೊಡಗಿತು. ಆಗಸ್ಟ್‌ನಲ್ಲಿ ಇಡೀ ಸರ್ವರನ್ನೇ ಗಂಟೆಗೆ 10 ಸೆಂಟ್‌ನಂತೆ ಬಾಡಿಗೆಗೆ ಬಿಟ್ಟಿತು. ಟ್ರ್ಯಾಕ್ಟರನ್ನು ಗಂಟೆ ಲೆಕ್ಕದಲ್ಲಿ ಕರೆಸಿದ ಹಾಗೆ: ಬೇಕಾದಾಗ ಕರೆ, ಕೆಲಸ ಮುಗಿದರೆ ಕಳುಹಿಸು.

ಅಮೆಜಾನ್ ಕೊಟ್ಟದ್ದು ಖಾಲಿ ಮಳಿಗೆ. ಒಳಗೆ ಲಿನಕ್ಸ್ ಹಾಕಿಕೊಳ್ಳುವುದು, ಡೇಟಾಬೇಸ್ ಹಾಕಿಕೊಳ್ಳುವುದು, ಅದನ್ನೆಲ್ಲ ನೋಡಿಕೊಳ್ಳುವುದು ಬಾಡಿಗೆದಾರರ ಕೆಲಸ. ತ್ರಾಸು ಹೆಚ್ಚು, ಆದರೆ ಅಲ್ಲಿದ್ದ ಲಿನಕ್ಸ್ ಬೇರೆ ಕಡೆಯೂ ಇರುತ್ತಿತ್ತು. ಹೊರಡುವ ದಿನ ಬಂದರೆ ಸಾಮಾನು ಕಟ್ಟಿಕೊಂಡು ಹೊರಡಬಹುದಿತ್ತು.

ತ್ರಾಸು ಬೇಡ ಎನ್ನುವವರಿಗಾಗಿ ಬೇಗನೆ ಇನ್ನೊಂದು ಬಗೆ ಬಂತು. ನೀವು ಕೋಡ್ ಮಾತ್ರ ಬರೆಯಿರಿ, ಸರ್ವರ್, ಡೇಟಾಬೇಸ್, ಭದ್ರತೆ ಎಲ್ಲ ನಾವು ನೋಡಿಕೊಳ್ಳುತ್ತೇವೆ ಎನ್ನುವ ಬಗೆ. ಇದಕ್ಕೆ ಪ್ಲಾಟ್‌ಫಾರ್ಮ್ ಎಂದು ಹೆಸರು. ನಮ್ಮ ಕಥೆಯ ತೊಡಕುಗಳೆಲ್ಲ ಇಲ್ಲಿಂದ ಶುರುವಾಗುತ್ತವೆ.

ಝಿಮ್ಕಿ: ಕೊನೆಗೂ ಸಿಗದ ಬೀಗದ ಕೈ

ಲಂಡನ್ನಿನಲ್ಲಿ ಫೋಟ್ಯಾಂಗೊ ಎಂಬ ಕಂಪನಿ ಇತ್ತು. ಕ್ಯಾಮೆರಾ, ಪ್ರಿಂಟರ್ ಮಾಡುವ ಕ್ಯಾನನ್ ಅದರ ಒಡೆಯ. 2006ರಲ್ಲಿ ಅದು ಝಿಮ್ಕಿ ಎಂಬ ಪ್ಲಾಟ್‌ಫಾರ್ಮ್ ತಂದಿತು. ಜಾವಾಸ್ಕ್ರಿಪ್ಟ್‌ನಲ್ಲಿ ಕೋಡ್ ಬರೆದು ಹಾಕಿದರೆ ಸಾಕು, ಆ್ಯಪ್ ಓಡುತ್ತಿತ್ತು. ಎಷ್ಟು ಬಳಸಿದರೆ ಅಷ್ಟಕ್ಕೆ ದುಡ್ಡು. ಇಂಥ ಪ್ಲಾಟ್‌ಫಾರ್ಮ್‌ಗಳಲ್ಲಿ ಇದೇ ಮೊದಮೊದಲಿನದು.

ಅದರ ಹೊಣೆ ಹೊತ್ತಿದ್ದ ಸೈಮನ್ ವಾರ್ಡ್ಲಿ ಒಂದು ಮುಖ್ಯ ವಿಷಯವನ್ನು ಗುರುತಿಸಿದ್ದರು. ಒಂದೇ ಕಂಪನಿಯ ಬಳಿ ಇರುವ ಪ್ಲಾಟ್‌ಫಾರ್ಮ್ ಮೇಲೆ ಆ್ಯಪ್ ಕಟ್ಟಲು ಬುದ್ಧಿ ಇರುವವರು ಹೆದರುತ್ತಾರೆ. ಪ್ಲಾಟ್‌ಫಾರ್ಮ್‌ನ ಕೋಡನ್ನೇ ಮುಕ್ತವಾಗಿ ಬಿಟ್ಟರೆ ಬೇರೆ ಕಂಪನಿಗಳೂ ಅದನ್ನು ನಡೆಸಬಹುದು. ಆಗ ಗ್ರಾಹಕರು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಲೀಸಾಗಿ ಹೋಗಬಹುದು. 2007ರ ಜುಲೈನಲ್ಲಿ ಅಮೆರಿಕದ ಓಸ್ಕಾನ್ ಸಮ್ಮೇಳನದಲ್ಲಿ ಝಿಮ್ಕಿಯನ್ನು ಮುಕ್ತ ತಂತ್ರಾಂಶವಾಗಿ ಬಿಡುವುದು ಎಂದು ನಿಗದಿಯಾಗಿತ್ತು.

ಸಮ್ಮೇಳನದ ಹೊತ್ತಿಗೆ ಕಂಪನಿ ಮನಸ್ಸು ಬದಲಿಸಿತು. ವಾರ್ಡ್ಲಿ ಕೆಲಸ ಬಿಟ್ಟರು. ಆ ವರ್ಷದ ಕೊನೆಯೊಳಗೆ ಝಿಮ್ಕಿಯೇ ನಿಂತುಹೋಯಿತು. ಅದರ ಮೇಲೆ ಆ್ಯಪ್ ಕಟ್ಟಿದ್ದವರ ಬಳಿ ಅವರ ಕೋಡ್ ಇತ್ತು, ಆದರೆ ಅದನ್ನು ಓಡಿಸಲು ಇನ್ನೊಂದು ಝಿಮ್ಕಿ ಎಲ್ಲಿಯೂ ಇರಲಿಲ್ಲ.

ಗೂಗಲ್ ಆ್ಯಪ್ ಎಂಜಿನ್: ಉಚಿತ ಮಳಿಗೆಯ ಗೋಡೆಗೂಡುಗಳು

2008ರ ಏಪ್ರಿಲ್‌ನಲ್ಲಿ ಗೂಗಲ್ ತನ್ನ ಆ್ಯಪ್ ಎಂಜಿನ್ ತೆರೆಯಿತು. ಮೊದಲಿಗೆ 10,000 ಡೆವಲಪರ್‌ಗಳಿಗೆ ಮಾತ್ರ ಪ್ರವೇಶ. 500 ಎಂಬಿ ಜಾಗ ಮತ್ತು ತಿಂಗಳಿಗೆ ಸುಮಾರು 50 ಲಕ್ಷ ಪುಟಗಳನ್ನು ಜನ ನೋಡುವಷ್ಟು ಬಳಕೆ ಪೂರ್ತಿ ಉಚಿತ. ಗೂಗಲ್ ತನಗಾಗಿ ಬಳಸುವ ಅದೇ ಯಂತ್ರಗಳ ಮೇಲೆ ನಿಮ್ಮ ಆ್ಯಪ್ ಓಡುತ್ತದೆ ಎಂದರೆ ಯಾರು ಬೇಡ ಎನ್ನುತ್ತಾರೆ?

ಕೋಡ್ ಬರೆದವರದೇ. ಅದರಲ್ಲಿ ತಕರಾರಿಲ್ಲ. ತೊಡಕಿದ್ದದ್ದು ಕೋಡ್ ಬರೆಯುವ ಬಗೆಯಲ್ಲಿ. ಮೊದಲ ವರ್ಷ ಪೈಥಾನ್ ಭಾಷೆಯಲ್ಲಿ ಮಾತ್ರ ಬರೆಯಬೇಕು. ಆ್ಯಪ್ ತಾನು ಓಡುವ ಸರ್ವರ್‌ನಲ್ಲಿ ಫೈಲ್ ಬರೆದಿಡುವಂತಿಲ್ಲ. ಒಂದು ಕೋರಿಕೆಗೆ ನಿಗದಿತ ಸೆಕೆಂಡುಗಳೊಳಗೆ ಉತ್ತರ ಕೊಟ್ಟು ಮುಗಿಸಬೇಕು. ಎಲ್ಲಕ್ಕಿಂತ ದೊಡ್ಡದು ಡೇಟಾಬೇಸ್. ಲೋಕದ ಬಹುಪಾಲು ಆ್ಯಪ್‌ಗಳು ಎಸ್‌ಕ್ಯೂಎಲ್ ಎಂಬ ಸಾಮಾನ್ಯ ಭಾಷೆಯಲ್ಲಿ ಡೇಟಾ ಕೇಳುತ್ತವೆ. ಎರಡು ಪಟ್ಟಿಗಳನ್ನು ಜೋಡಿಸಿ ಉತ್ತರ ಕೊಡು ಎಂದು ಅದರಲ್ಲಿ ಹೇಳಬಹುದು: ಈ ಪಟ್ಟಿಯಲ್ಲಿ ಸದಸ್ಯರ ಹೆಸರು, ಆ ಪಟ್ಟಿಯಲ್ಲಿ ಹಾಲಿನ ಲೆಕ್ಕ, ಎರಡನ್ನೂ ಸೇರಿಸಿ ತೋರಿಸು ಎಂಬಂತೆ. ಗೂಗಲ್‌ನ ಡೇಟಾಸ್ಟೋರ್‌ನಲ್ಲಿ ಹಾಗೆ ಜೋಡಿಸಿ ಕೇಳುವಂತಿರಲಿಲ್ಲ. ಆದ್ದರಿಂದ ಇಡೀ ಆ್ಯಪನ್ನು ಅದರ ರೀತಿಗೆ ಒಗ್ಗಿಸಿ ಬರೆಯಬೇಕಿತ್ತು. ಇದೇ ಗೋಡೆಗೂಡು.

ಈ ಅಪಾಯವನ್ನು ಕೆಲವರು ಅಂದೇ ಕಂಡರು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಒಬ್ಬ ಪ್ರೋಗ್ರಾಮರ್ ಆ್ಯಪ್ ಎಂಜಿನ್‌ಗೆ ಬರೆದ ಆ್ಯಪ್‌ಗಳನ್ನು ಅಮೆಜಾನ್ ಸರ್ವರ್ ಮೇಲೆ ಓಡಿಸಿ ತೋರಿಸಿದ. ಅದು ಆಗುತ್ತದೆ ಎಂದು ತೋರಿಸುವುದಕ್ಕಷ್ಟೇ ಸಾಕಿತ್ತು, ಹೆಚ್ಚು ಜನ ಬಂದರೆ ತಡೆಯುತ್ತಿರಲಿಲ್ಲ. ಮುಂದೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಕೇಂದ್ರದ ಸಂಶೋಧಕರು ಆ್ಯಪ್‌ಸ್ಕೇಲ್ ಎಂಬ ಮುಕ್ತ ತಂತ್ರಾಂಶ ಬರೆದರು. ಆ್ಯಪ್ ಎಂಜಿನ್ ಆ್ಯಪ್‌ಗಳನ್ನು ಬೇರೆ ಸರ್ವರ್‌ಗಳಲ್ಲಿ ಓಡಿಸುವುದೇ ಅದರ ಉದ್ದೇಶ. ಒಂದು ಮಳಿಗೆಯ ಗೂಡುಗಳ ಅಳತೆಗೆ ಸರಿಯಾಗಿ ಇನ್ನೊಂದು ಮಳಿಗೆಯನ್ನೇ ಕಟ್ಟಿದಂತೆ.

ಬಿಸಿ ಮುಟ್ಟಿದ್ದು 2011ರಲ್ಲಿ. ಗೂಗಲ್ ಲೆಕ್ಕ ಹಾಕುವ ರೀತಿಯನ್ನೇ ಬದಲಿಸಿತು. ಮೊದಲು ಆ್ಯಪ್ ನಿಜವಾಗಿ ಲೆಕ್ಕ ಮಾಡಿದ ಹೊತ್ತಿಗೆ ದರ ಇತ್ತು. ಈಗ ಅದು ಸುಮ್ಮನೆ ಕಾಯುತ್ತ ಕೂತ ಹೊತ್ತಿಗೂ ದರ ಬಂತು. ಆ ನವೆಂಬರ್‌ನಿಂದ ಹೊಸ ದರ ಜಾರಿಯಾದಾಗ ಅನೇಕರ ಬಿಲ್ಲು ಹಲವು ಪಟ್ಟು ಏರಿತು. ಸಿಟ್ಟಾದವರಿಗೆ ಬಿಟ್ಟುಹೋಗುವ ಹಕ್ಕೇನೋ ಇತ್ತು. ಆದರೆ ಆ್ಯಪನ್ನು ಮತ್ತೆ ಬರೆಯಲು ತಗಲುವ ತಿಂಗಳುಗಳನ್ನು ಯಾರು ಕೊಡುತ್ತಾರೆ? ಹಾಗಾಗಿ ಹಲವರು ಹಲ್ಲುಕಚ್ಚಿ ದುಡ್ಡು ಕಟ್ಟಿದರು, ಕೆಲವರು ಕೋಡನ್ನು ತಿದ್ದಿ ಬಿಲ್ಲು ಇಳಿಸಿಕೊಂಡರು, ಇನ್ನು ಕೆಲವರು ಎಲ್ಲವನ್ನೂ ಹೊಸದಾಗಿ ಬರೆದು ಹೊರಟರು.

ಕಾಗ್‌ಹೆಡ್: ಕೈಗೆ ಬಂದ ಕಾಗದ, ಓಡದ ಆ್ಯಪ್

ಕೋಡ್ ಬರೆಯಲು ಬಾರದವರೂ ಮೌಸ್ ಎಳೆದು ಬಿಟ್ಟು ಆ್ಯಪ್ ಮಾಡಿಕೊಳ್ಳಬಹುದು ಎಂಬ ಸೇವೆಗಳು ಇಂದು ತುಂಬ ಇವೆ. ಆ ದಾರಿಯ ಮೊದಲಿಗರಲ್ಲಿ ಅಮೆರಿಕದ ಕಾಗ್‌ಹೆಡ್ ಒಂದು. ಸಣ್ಣ ವ್ಯಾಪಾರದವರು ಅದರಲ್ಲಿ ಗ್ರಾಹಕರ ಪಟ್ಟಿ, ದಾಸ್ತಾನು, ಬಿಲ್ಲುಗಳ ಆ್ಯಪ್ ಕಟ್ಟಿಕೊಂಡಿದ್ದರು.

2009ರ ಫೆಬ್ರವರಿಯಲ್ಲಿ ಕಾಗ್‌ಹೆಡ್ ಮುಚ್ಚುವುದಾಗಿ ಹೇಳಿತು. ಅದರ ತಂತ್ರಜ್ಞಾನವನ್ನು ಜರ್ಮನಿಯ ಎಸ್‌ಎಪಿ ಕಂಪನಿ ಕೊಂಡಿತು, ಗ್ರಾಹಕರನ್ನು ಕೊಳ್ಳಲಿಲ್ಲ. ಏಪ್ರಿಲ್ ಕೊನೆಯೊಳಗೆ ಜಾಗ ಖಾಲಿ ಮಾಡಿ ಎಂದು ಸೂಚನೆ ಬಂತು. ಡೇಟಾ ಇಳಿಸಿಕೊಳ್ಳಬಹುದಿತ್ತು. ಆ್ಯಪ್ ಹೇಗೆ ಕಟ್ಟಲಾಗಿದೆ ಎಂಬ ವಿವರದ ಫೈಲನ್ನೂ ಇಳಿಸಿಕೊಳ್ಳಬಹುದಿತ್ತು. ಆದರೆ ಆ ವಿವರ ಕಾಗ್‌ಹೆಡ್‌ಗೆ ಮಾತ್ರ ಅರ್ಥವಾಗುತ್ತಿತ್ತು. ಎರಡು ತಿಂಗಳಲ್ಲಿ ಎಲ್ಲವನ್ನೂ ಹೊಸದಾಗಿ ಮಾಡಿಸಿಕೊಳ್ಳದೆ ಗತಿ ಇರಲಿಲ್ಲ.

ಇನ್ನೊಂದು ಮಾತು ಗಮನಿಸಿ. ಕಾಗ್‌ಹೆಡ್ ತಾನು ಸ್ವತಃ ಓಡುತ್ತಿದ್ದದ್ದು ಅಮೆಜಾನ್‌ನ ಬಾಡಿಗೆ ಸರ್ವರ್‌ಗಳ ಮೇಲೆ. ಅವು ಒಂದು ದಿನವೂ ನಿಲ್ಲಲಿಲ್ಲ. ಮುಳುಗಿದ್ದು ನಡುವೆ ನಿಂತಿದ್ದ ಕಂಪನಿ. ನಮ್ಮ ಡೇಟಾ ದೊಡ್ಡ ಕಂಪನಿಯ ಕ್ಲೌಡ್‌ನಲ್ಲಿದೆ, ಭಯವಿಲ್ಲ ಎಂದು ಯಾರಾದರೂ ಸಮಾಧಾನ ಹೇಳಿದರೆ, ನಡುವೆ ನಿಂತಿರುವವರು ಯಾರು ಎಂದು ಕೇಳಬೇಕು.

ನಮ್ಮ ಕಡೆಯ ಉದಾಹರಣೆ: ನುಡಿ ಫೈಲ್

ಈ ತೊಡಕು ಕನ್ನಡಿಗರಿಗೆ ಹೊಸದಲ್ಲ. ಹಳೆಯ ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲನ್ನು ಮೊಬೈಲ್‌ನಲ್ಲಿ ತೆರೆದು ನೋಡಿದವರಿಗೆ ಗೊತ್ತು: ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣಿಸುತ್ತದೆ. ಬರೆದವರು ನಾವೇ, ಫೈಲ್ ನಮ್ಮದೇ. ಆದರೆ ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಅದು ಕನ್ನಡ.

ಕಾರಣ ಸರಳ. ಯಾವ ಸಂಖ್ಯೆ ಯಾವ ಅಕ್ಷರಕ್ಕೆ ಎಂದು ಆ ಫಾಂಟ್‌ಗಳು ತಮ್ಮದೇ ಒಪ್ಪಂದ ಮಾಡಿಕೊಂಡಿದ್ದವು. ಎಲ್ಲ ಕಂಪನಿಗಳೂ ಒಪ್ಪಿದ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಅದು ಬಳಕೆಗೆ ಬಂದು ನೆಲೆಯೂರಲು ಮಾತ್ರ ವರ್ಷಗಳೇ ಹಿಡಿದವು. ಈ ನಡುವೆ ಕಚೇರಿಗಳಲ್ಲಿ, ಪತ್ರಿಕೆಗಳಲ್ಲಿ ಬರೆದ ರಾಶಿ ರಾಶಿ ಬರಹಗಳನ್ನು ಇವತ್ತಿಗೂ ಪರಿವರ್ತಕಗಳಲ್ಲಿ ಹಾಕಿ, ಒತ್ತಕ್ಷರಗಳನ್ನು ಕೈಯಲ್ಲಿ ತಿದ್ದಿ, ಯೂನಿಕೋಡ್‌ಗೆ ತರುವ ಕೆಲಸ ನಡೆದೇ ಇದೆ.

ಒಡೆತನ ಕಾಗದದ ಮೇಲಿನ ಮಾತು. ಸಾಗಿಸುವ ಅನುಕೂಲ ಬರುವುದು ಎಲ್ಲರೂ ಒಪ್ಪಿದ ಅಳತೆಯನ್ನು ಬಳಸಿದಾಗ.

ಹೆರೋಕು: ಸಾಮಾನ್ಯ ಸಾಮಾನು ಬಳಸಿದವರು

2007ರಲ್ಲಿ ಹುಟ್ಟಿದ ಹೆರೋಕು ಕೂಡ ಒಂದು ಪ್ಲಾಟ್‌ಫಾರ್ಮೇ. ಡೆವಲಪರ್ ಒಂದು ಆದೇಶ ಕೊಟ್ಟರೆ ಅವರ ಕೋಡ್ ಹೋಗಿ ಕೂತು ಆ್ಯಪ್ ಓಡತೊಡಗುತ್ತಿತ್ತು. 2010ರ ಡಿಸೆಂಬರ್‌ನಲ್ಲಿ ಸೇಲ್ಸ್‌ಫೋರ್ಸ್ ಕಂಪನಿ ಇದನ್ನು 21.2 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಘೋಷಿಸಿತು.

ಆ್ಯಪ್ ಎಂಜಿನ್‌ಗಿಂತ ಇದು ಬೇರೆಯಾದದ್ದು ಒಂದು ವಿಷಯದಲ್ಲಿ. ಹೆರೋಕು ಮೇಲೆ ಓಡುತ್ತಿದ್ದದ್ದು ಎಲ್ಲೆಡೆ ಸಿಗುವ ರೂಬಿ ಭಾಷೆ, ಎಲ್ಲೆಡೆ ಸಿಗುವ ಪೋಸ್ಟ್‌ಗ್ರೆಸ್ ಡೇಟಾಬೇಸ್. 2011ರಲ್ಲಿ ಅದರ ಸಂಸ್ಥಾಪಕರಲ್ಲಿ ಒಬ್ಬರಾದ ಆಡಮ್ ವಿಗಿನ್ಸ್ ಆ್ಯಪ್ ಕಟ್ಟಲು 12 ಸೂತ್ರಗಳನ್ನು ಬರೆದು ಪ್ರಕಟಿಸಿದರು. ಡೇಟಾಬೇಸ್‌ನ ವಿಳಾಸ, ಪಾಸ್‌ವರ್ಡ್ ಮುಂತಾದವನ್ನು ಕೋಡ್‌ನೊಳಗೆ ಬರೆಯಬೇಡಿ, ಹೊರಗೆ ಬೇರೆಯಾಗಿ ಇಡಿ ಎಂಬುದು ಅವುಗಳಲ್ಲಿ ಒಂದು. ಹಾಗೆ ಮಾಡಿದರೆ ಸರ್ವರ್ ಬದಲಿಸಿದ ದಿನ ವಿಳಾಸ ಬದಲಿಸಿದರೆ ಸಾಕು, ಕೋಡ್ ಮುಟ್ಟುವಂತಿಲ್ಲ.

ಇದರ ಬೆಲೆ ಗೊತ್ತಾದದ್ದು 2022ರಲ್ಲಿ. ಆಗಸ್ಟ್‌ನಲ್ಲಿ ಹೆರೋಕು ತನ್ನ ಉಚಿತ ಯೋಜನೆ ನಿಲ್ಲಿಸುವುದಾಗಿ ಹೇಳಿತು, ನವೆಂಬರ್ 28ರಿಂದ ನಿಲ್ಲಿಸಿತು. ವಿದ್ಯಾರ್ಥಿಗಳು, ಸಣ್ಣ ಸಂಸ್ಥೆಗಳು ಇಟ್ಟಿದ್ದ ಎಷ್ಟೋ ಆ್ಯಪ್‌ಗಳು ಆ ದಿನ ನಿಂತವು. ಆದರೆ ಸೂತ್ರದಂತೆ ಕಟ್ಟಿದ್ದವರು ಡೇಟಾಬೇಸ್ ನಕಲು ತೆಗೆದು, ಅದೇ ಕೋಡನ್ನು ಬೇರೆ ಕಂಪನಿಯ ಸರ್ವರ್‌ಗೆ ಏರಿಸಿ, ವಿಳಾಸ ಬದಲಿಸಿ ಮುಂದೆ ಹೋದರು. ಆ್ಯಪನ್ನೇ ಮತ್ತೆ ಬರೆಯುವ ಪಾಡು ಅವರಿಗೆ ಬರಲಿಲ್ಲ.

ಪಾರ್ಸ್: ಹೋಗುವಾಗ ಬೀಗದ ಕೈ ಕೊಟ್ಟವರು

ಮೊಬೈಲ್ ಆ್ಯಪ್ ಮಾಡುವವರಿಗೆ ಸರ್ವರ್ ಕೆಲಸವೇ ಬೇಡದಂತೆ ಮಾಡಿದ್ದು ಪಾರ್ಸ್. ಲಾಗಿನ್, ಡೇಟಾ ಉಳಿಸುವುದು, ನೋಟಿಫಿಕೇಶನ್ ಕಳಿಸುವುದು ಎಲ್ಲ ಅದೇ ಮಾಡುತ್ತಿತ್ತು. 2013ರಲ್ಲಿ ಫೇಸ್‌ಬುಕ್ ಇದನ್ನು ಕೊಂಡಾಗ ಡೆವಲಪರ್‌ಗಳು ಇನ್ನು ಇದು ಗಟ್ಟಿಯಾಗಿ ನಿಲ್ಲುತ್ತದೆ ಎಂದುಕೊಂಡರು. ಲಕ್ಷಗಟ್ಟಲೆ ಆ್ಯಪ್‌ಗಳು ಅದರ ಮೇಲೆ ಕೂತವು.

2016ರ ಜನವರಿ 28ರಂದು ಫೇಸ್‌ಬುಕ್ ಇನ್ನೊಂದು ವರ್ಷದಲ್ಲಿ ಪಾರ್ಸ್ ಮುಚ್ಚುತ್ತೇವೆ ಎಂದಿತು. ಒಡೆಯರು ದೊಡ್ಡವರಾದ ಮಾತ್ರಕ್ಕೆ ಸೇವೆ ಉಳಿಯುತ್ತದೆ ಎಂದೇನಿಲ್ಲ ಎಂಬುದು ಅಂದು ಎಲ್ಲರಿಗೂ ಗೊತ್ತಾಯಿತು.

ಆದರೆ ಝಿಮ್ಕಿಯಲ್ಲಿ ಆಗದೆ ಹೋದ ಕೆಲಸ ಇಲ್ಲಿ ಆಯಿತು. ಮುಚ್ಚುವ ಸುದ್ದಿ ಕೊಟ್ಟ ದಿನವೇ ಪಾರ್ಸ್ ಸರ್ವರ್ ಎಂಬ ಮುಕ್ತ ತಂತ್ರಾಂಶವನ್ನೂ, ಡೇಟಾ ಸಾಗಿಸುವ ಸಾಧನವನ್ನೂ ಬಿಡುಗಡೆ ಮಾಡಿದರು. ಹಳೆಯ ಪಾರ್ಸ್‌ನಲ್ಲಿದ್ದ ಎಲ್ಲ ಸೌಲಭ್ಯ ಅದರಲ್ಲಿ ಮೊದಲ ದಿನವೇ ಇರಲಿಲ್ಲ. ಆದರೂ ಯಾರು ಬೇಕಾದರೂ ತಮ್ಮ ಸರ್ವರ್‌ನಲ್ಲಿ ಅದನ್ನು ಹಾಕಿಕೊಂಡು ಆ್ಯಪ್ ಉಳಿಸಿಕೊಳ್ಳಬಹುದಿತ್ತು. ಪಾರ್ಸ್ ಸರ್ವರನ್ನು ಸ್ವಯಂಸೇವಕರು ಮುಂದುವರಿಸಿದ್ದಾರೆ. ಕಂಪನಿ ಮುಚ್ಚಿದ ಮೇಲೂ ಅದು ಬದುಕಿದೆ.

ಹಡಗಿನ ಪೆಟ್ಟಿಗೆಯಿಂದ ಬಂದ ಉಪಾಯ

1956ರ ಏಪ್ರಿಲ್‌ನಲ್ಲಿ ಅಮೆರಿಕದ ಮಾಲ್ಕಮ್ ಮೆಕ್ಲೀನ್ ಎಂಬ ಲಾರಿ ಮಾಲೀಕ 58 ಲೋಹದ ಪೆಟ್ಟಿಗೆಗಳನ್ನು ನ್ಯೂಆರ್ಕ್ ಬಂದರಿನಿಂದ ಹ್ಯೂಸ್ಟನ್‌ಗೆ ಹಡಗಿನಲ್ಲಿ ಕಳಿಸಿದ. ಅದುವರೆಗೆ ಮೂಟೆ, ಪೀಪಾಯಿಗಳನ್ನು ಒಂದೊಂದಾಗಿ ಹೊತ್ತು ಇಳಿಸಬೇಕಿತ್ತು. ಪೆಟ್ಟಿಗೆ ಬಂದ ಮೇಲೆ ಒಳಗೆ ಏನಿದೆ ಎಂದು ಹಡಗಿನವರಿಗೂ ಲಾರಿಯವರಿಗೂ ತಿಳಿಯಬೇಕಾಗಿಲ್ಲ. ಹೊರಗಿನ ಅಳತೆ ಒಂದೇ ಇದ್ದರೆ ಸಾಕು.

ಇದೇ ಉಪಾಯವನ್ನು ಆ್ಯಪ್‌ಗಳಿಗೆ ಜನಪ್ರಿಯಗೊಳಿಸಿದ್ದು ಡಾಕರ್. 2013ರ ಮಾರ್ಚ್‌ನಲ್ಲಿ ಪೈಕಾನ್ ಸಮ್ಮೇಳನದಲ್ಲಿ ಸೊಲೊಮನ್ ಹೈಕ್ಸ್ ಐದು ನಿಮಿಷದ ಒಂದು ಭಾಷಣದಲ್ಲಿ ಇದನ್ನು ತೋರಿಸಿದರು. ಕೋಡ್, ಅದಕ್ಕೆ ಬೇಕಾದ ಲೈಬ್ರರಿಗಳು, ಸೆಟ್ಟಿಂಗ್‌ಗಳು ಎಲ್ಲವನ್ನೂ ಒಂದು ಕಂಟೇನರ್‌ನಲ್ಲಿ ತುಂಬಿದರೆ, ಅದು ಡೆವಲಪರ್‌ನ ಲ್ಯಾಪ್‌ಟಾಪ್‌ನಲ್ಲೂ ಅಮೆಜಾನ್‌ನಲ್ಲೂ ಬೆಂಗಳೂರಿನ ಸಣ್ಣ ಕಂಪನಿಯ ಸರ್ವರ್‌ನಲ್ಲೂ ಒಂದೇ ರೀತಿ ಓಡುತ್ತದೆ. 2015ರಲ್ಲಿ ಕಂಪನಿಗಳು ಸೇರಿ ಈ ಪೆಟ್ಟಿಗೆಗೆ ಒಂದು ಸಾಮಾನ್ಯ ಅಳತೆಯನ್ನು ಗೊತ್ತುಮಾಡಲು ಸಂಸ್ಥೆಯನ್ನೂ ಕಟ್ಟಿಕೊಂಡವು.

ಹಾಗಾದರೆ ಸಮಸ್ಯೆ ಮುಗಿಯಿತೇ? ಇಲ್ಲ. ಪೆಟ್ಟಿಗೆಯಲ್ಲಿ ಕೋಡ್ ಬರುತ್ತದೆ, ಪೆಟ್ಟಿಗೆಯ ಹೊರಗಿನದು ಬರುವುದಿಲ್ಲ. ಆ್ಯಪ್ ಒಂದು ಕಂಪನಿಯದೇ ಡೇಟಾಬೇಸ್‌ಗೆ, ಅದೇ ಕಂಪನಿಯ ಲಾಗಿನ್ ಸೇವೆಗೆ, ಸಂದೇಶ ಕಳಿಸುವ ಸೇವೆಗೆ ಅಂಟಿಕೊಂಡಿದ್ದರೆ ಪೆಟ್ಟಿಗೆ ಎತ್ತಿದರೂ ಬೇರು ಅಲ್ಲೇ ಉಳಿಯುತ್ತದೆ. 2014ರ ಕೊನೆಗೆ ಅಮೆಜಾನ್ ತಂದ ಲ್ಯಾಂಬ್ಡಾದಂಥ ಸೇವೆಗಳು ಸರ್ವರ್ ನೋಡಿಕೊಳ್ಳುವ ಕೆಲಸವನ್ನು ಇನ್ನೂ ಕಡಿಮೆ ಮಾಡಿದವು, ಅಂಟನ್ನು ಇನ್ನೂ ಬಿಗಿ ಮಾಡಿದವು.

ಕಾನೂನಿನಲ್ಲಿ ಕೋಡ್ ಯಾರದು?

ಇಷ್ಟು ಹೊತ್ತು ಕೋಡ್ ಬರೆದವರದೇ ಎನ್ನುತ್ತ ಬಂದೆವು. ಬೇರೆಯವರಿಂದ ಬರೆಸಿದರೆ ಅದು ಯಾರದು? ನಮ್ಮ ಸಂಘ ಸಂಸ್ಥೆಗಳು ಎಡವುವುದು ಇಲ್ಲೇ.

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯೆಂದೇ ಎಣಿಸುತ್ತದೆ. ಕಥೆ, ಕವಿತೆಗೆ ಇರುವ ಹಕ್ಕು ಕೋಡ್‌ಗೂ ಇದೆ. ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಕೃತಿಯ ಮೊದಲ ಒಡೆಯ ಅದನ್ನು ಬರೆದವರು. ಸಂಬಳದ ನೌಕರರು ಕೆಲಸದ ಭಾಗವಾಗಿ ಬರೆದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಅದು ಕೆಲಸ ಕೊಟ್ಟವರದು. ಆದರೆ ಸೊಸೈಟಿಯೊಂದು ಪಟ್ಟಣದ ಸಾಫ್ಟ್‌ವೇರ್ ಕಂಪನಿಗೆ ಗುತ್ತಿಗೆ ಕೊಟ್ಟು ಬರೆಸಿದರೆ ಆ ಕಂಪನಿ ಸೊಸೈಟಿಯ ನೌಕರ ಅಲ್ಲ. ದುಡ್ಡು ಪೂರ್ತಿ ಕೊಟ್ಟಿದ್ದೇವೆ, ಆದ್ದರಿಂದ ಕೋಡ್ ನಮ್ಮದು ಎಂದುಕೊಳ್ಳುವಂತಿಲ್ಲ.

ಹಕ್ಕು ನಮ್ಮ ಕೈಗೆ ಬರಬೇಕಾದರೆ 19ನೇ ಸೆಕ್ಷನ್ ಪ್ರಕಾರ ಬರವಣಿಗೆಯಲ್ಲಿ, ಕೊಡುವವರ ಸಹಿಯೊಂದಿಗೆ ವರ್ಗಾವಣೆ ಆಗಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಎಲ್ಲೆಲ್ಲಿ ಎಂದು ಬರೆದಿರಬೇಕು. ಕಾಲ ಬರೆಯದಿದ್ದರೆ ಐದೇ ವರ್ಷ ಎಂದು ಕಾಯ್ದೆ ಎಣಿಸುತ್ತದೆ. ಜಾಗ ಬರೆಯದಿದ್ದರೆ ಭಾರತಕ್ಕೆ ಮಾತ್ರ ಸೀಮಿತ. ಬಾಯಿಮಾತಿನ ಭರವಸೆ ಇಲ್ಲಿ ನಡೆಯುವುದಿಲ್ಲ.

ಪತ್ರ ಇದ್ದರೂ ಸಾಲದು, ಕೋಡ್ ಕೈಯಲ್ಲಿರಬೇಕು. ಕ್ಲೌಡ್‌ನಲ್ಲಿ ಓಡುವ ಆ್ಯಪ್‌ನಲ್ಲಿ ನಮಗೆ ಕಾಣುವುದು ಪರದೆ ಮಾತ್ರ. ಮೂಲ ಕೋಡ್ ಸರ್ವರ್‌ನ ಒಳಗೆ ಇರುತ್ತದೆ. ಮುಕ್ತ ತಂತ್ರಾಂಶದವರನ್ನೂ ಇದು ಕಾಡಿದೆ. ಹಳೆಯ ಜಿಪಿಎಲ್ ಪರವಾನಗಿಯಲ್ಲಿ, ತಂತ್ರಾಂಶದ ಪ್ರತಿ ಕೊಟ್ಟರೆ ಮೂಲ ಕೋಡನ್ನೂ ಕೊಡಬೇಕು. ಆದರೆ ಕ್ಲೌಡ್‌ನವರು ಪ್ರತಿ ಕೊಡುವುದೇ ಇಲ್ಲ, ತಮ್ಮಲ್ಲೇ ಓಡಿಸಿ ಸೇವೆ ಮಾತ್ರ ಕೊಡುತ್ತಾರೆ. ಈ ಕಿಂಡಿಯನ್ನು ಮುಚ್ಚಲು 2007ರ ನವೆಂಬರ್‌ನಲ್ಲಿ ಎಜಿಪಿಎಲ್ ಪರವಾನಗಿಯ ಹೊಸ ಆವೃತ್ತಿ ಬಂತು. ಅದರಡಿಯ ತಂತ್ರಾಂಶವನ್ನು ಬದಲಿಸಿ ಇಂಟರ್ನೆಟ್ ಮೂಲಕ ಸೇವೆ ಕೊಡುವವರು ಬಳಕೆದಾರರಿಗೆ ಮೂಲ ಕೋಡ್ ಸಿಗುವಂತೆ ಮಾಡಬೇಕು.

ಸರ್ಕಾರಗಳಿಗೂ ಈ ಭಯ ಇದೆ. ದೇಶದ ಜನರ ಗುರುತಿನ ದಾಖಲೆಯೇ ಒಂದು ಖಾಸಗಿ ಕಂಪನಿಯ ತಂತ್ರಾಂಶಕ್ಕೆ ಅಂಟಿಕೊಂಡರೆ ಮುಂದೇನು? ಇದಕ್ಕೆ ಉತ್ತರವಾಗಿ 2018ರಲ್ಲಿ ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯಲ್ಲಿ ಮೊಸಿಪ್ ಎಂಬ ಮುಕ್ತ ತಂತ್ರಾಂಶದ ಕೆಲಸ ಶುರುವಾಯಿತು. ಫಿಲಿಪೈನ್ಸ್ ಸೇರಿ ಹಲವು ದೇಶಗಳು ತಮ್ಮ ಗುರುತಿನ ವ್ಯವಸ್ಥೆಗೆ ಅದನ್ನು ಆಯ್ದುಕೊಂಡಿವೆ. ಕೋಡ್ ಯಾರು ಬೇಕಾದರೂ ನೋಡಬಹುದು, ಸರ್ವರ್ ಎಲ್ಲಿಡಬೇಕು ಎಂಬುದು ಆಯಾ ದೇಶದ ತೀರ್ಮಾನ.

ಹೊರಡುವ ಸುಂಕ

ಕೋಡ್ ನಮ್ಮದಾಗಿ, ಪೆಟ್ಟಿಗೆಯಲ್ಲೂ ತುಂಬಿದ್ದಾಯಿತು. ಕೊನೆಯ ತಡೆ ಡೇಟಾ. ಕ್ಲೌಡ್ ಕಂಪನಿಗಳು ಡೇಟಾ ಒಳಗೆ ತರಲು ಸಾಮಾನ್ಯವಾಗಿ ದುಡ್ಡು ಕೇಳುವುದಿಲ್ಲ, ಹೊರಗೆ ಒಯ್ಯಲು ಕೇಳುತ್ತವೆ. ಸಂತೆಗೆ ಬರಲು ಸುಂಕವಿಲ್ಲ, ಹೋಗಲು ಸುಂಕ. ಸಣ್ಣ ಆ್ಯಪ್‌ಗೆ ಇದು ದೊಡ್ಡ ಮೊತ್ತವಲ್ಲ. ಫೋಟೊ, ವಿಡಿಯೊ ರಾಶಿ ಇಟ್ಟವರಿಗೆ ಭಾರ.

ಇದನ್ನು ಅಲುಗಾಡಿಸಿದ್ದು ಯುರೋಪು. ಅಲ್ಲಿನ ಡೇಟಾ ಕಾಯ್ದೆ 2024ರ ಜನವರಿಯಲ್ಲಿ ಜಾರಿಗೆ ಬಂದು, 2025ರ ಸೆಪ್ಟೆಂಬರ್ 12ರಿಂದ ಅನ್ವಯವಾಗುತ್ತಿದೆ. ಗ್ರಾಹಕರು ಒಂದು ಕ್ಲೌಡ್‌ನಿಂದ ಇನ್ನೊಂದಕ್ಕೆ ಹೋಗುವುದನ್ನು ತಡೆಯಬಾರದು, 2027ರ ಜನವರಿ 12ರಿಂದ ಹೀಗೆ ಬದಲಿಸುವುದಕ್ಕೆ ಶುಲ್ಕವನ್ನೇ ಕೇಳಬಾರದು ಎನ್ನುತ್ತದೆ ಅದು. 2024ರ ಜನವರಿಯಲ್ಲಿ ಗೂಗಲ್, ಮಾರ್ಚ್‌ನಲ್ಲಿ ಅಮೆಜಾನ್ ಮತ್ತು ಮೈಕ್ರೋಸಾಫ್ಟ್ ಪೂರ್ತಿಯಾಗಿ ಬಿಟ್ಟುಹೋಗುವವರಿಗೆ ಈ ಶುಲ್ಕ ಬಿಡುವುದಾಗಿ ಹೇಳಿದವು.

ಹಾಗಂತ ಎಲ್ಲವನ್ನೂ ನಾವೇ ಹೊರಬೇಕೇ?

ಬೇಡ. ಸಾಗಿಸುವ ಅನುಕೂಲಕ್ಕೂ ಬೆಲೆ ಇದೆ. ಖಾಲಿ ಸರ್ವರ್ ಬಾಡಿಗೆಗೆ ಪಡೆದರೆ ಅಗ್ಗ, ಆದರೆ ಅದನ್ನು ಅಪ್‌ಡೇಟ್ ಮಾಡುವವರು ಯಾರು? ಭಾನುವಾರ ರಾತ್ರಿ ನಿಂತುಹೋದರೆ ಎದ್ದು ನೋಡುವವರು ಯಾರು? ಬ್ಯಾಕಪ್ ಮರೆತರೆ ಹೋಗುವುದು ನಮ್ಮದೇ ಡೇಟಾ.

ಬೇಸ್‌ಕ್ಯಾಂಪ್, ಹೇ ಎಂಬ ಸೇವೆಗಳನ್ನು ನಡೆಸುವ ಅಮೆರಿಕದ 37 ಸಿಗ್ನಲ್ಸ್ ಕಂಪನಿ 2022ರ ಅಕ್ಟೋಬರ್‌ನಲ್ಲಿ ಕ್ಲೌಡ್ ಬಿಡುವುದಾಗಿ ಘೋಷಿಸಿತು. ಆ ವರ್ಷ ಅದರ ಕ್ಲೌಡ್ ಬಿಲ್ಲು ಸುಮಾರು 32 ಲಕ್ಷ ಡಾಲರ್. ಮರು ವರ್ಷ ಸ್ವಂತ ಸರ್ವರ್ ಕೊಂಡು ಆ್ಯಪ್‌ಗಳನ್ನು ಹೊರತಂದಿತು. ಆ್ಯಪ್‌ಗಳು ಕಂಟೇನರ್‌ಗಳಲ್ಲಿ ಇದ್ದದ್ದರಿಂದ ಕೆಲಸ ಹಗುರವಾಯಿತು. ಈ ಕಥೆ ಕೇಳಿ ಎಲ್ಲರೂ ಹೊರಡಬೇಕಿಲ್ಲ. ಸರ್ವರ್ ನೋಡಿಕೊಳ್ಳುವ ಅನುಭವಿ ತಂಡ ಅವರ ಬಳಿ ಮೊದಲೇ ಇತ್ತು, ನಮ್ಮ ಸೊಸೈಟಿಯಲ್ಲಿ ಇರುವುದು ಒಬ್ಬ ಕಾರ್ಯದರ್ಶಿ.

ಆದ್ದರಿಂದ ತೂಗಬೇಕಾದದ್ದು ಹೀಗೆ. ಒಂದು ವರ್ಷ ಬಾಳುವ ಆ್ಯಪ್, ಜಾತ್ರೆಯ ವೆಬ್‌ಸೈಟ್, ಒಂದು ಸಮೀಕ್ಷೆ ಇಂಥವಕ್ಕೆ ಗೋಡೆಗೂಡು ಪರವಾಗಿಲ್ಲ. ಸದಸ್ಯರ ಷೇರು, ಸಾಲ, ಹಾಲಿನ ಲೆಕ್ಕ, ಮಕ್ಕಳ ದಾಖಲೆ ಇಂಥ ಹತ್ತಾರು ವರ್ಷ ಉಳಿಯಬೇಕಾದದ್ದಕ್ಕೆ ಬೀರೇ ಬೇಕು. ಬಿಟ್ಟುಹೋಗುವುದು ಮುಖ್ಯವಲ್ಲ, ಬೇಕಾದರೆ ಬಿಟ್ಟುಹೋಗಬಲ್ಲೆವು ಎಂಬುದು ಮುಖ್ಯ. ದರದ ಮಾತು ಬಂದಾಗ ನಮ್ಮ ದನಿಗೆ ತೂಕ ಬರುವುದು ಅದರಿಂದ.

ನಿಮ್ಮ ಊರಿನ ಸಂಸ್ಥೆ ಆ್ಯಪ್ ಮಾಡಿಸಲು ಹೊರಟಿದ್ದರೆ ಸಭೆಯಲ್ಲಿ ಈ ಆರು ಪ್ರಶ್ನೆ ಕೇಳಿ:

1. ಕೋಡ್‌ನ ಹಕ್ಕು ನಮಗೆ ಬರುತ್ತದೆಯೇ? ಕರಾರಿನಲ್ಲಿ ಎಷ್ಟು ಕಾಲ ಎಂದು ಬರೆದಿದೆಯೇ?

2. ಮೂಲ ಕೋಡ್‌ನ ಪೂರ್ತಿ ಪ್ರತಿ, ಪ್ರತಿ ಬದಲಾವಣೆಯ ನಂತರವೂ, ನಮ್ಮ ಖಾತೆಗೆ ಬರುತ್ತದೆಯೇ?

3. ಕ್ಲೌಡ್ ಖಾತೆ ಮತ್ತು ವೆಬ್‌ಸೈಟಿನ ಹೆಸರು ಯಾರ ಹೆಸರಿನಲ್ಲಿವೆ, ಸಂಸ್ಥೆಯದೋ ಮಾಡಿಕೊಡುವವರದೋ?

4. ಡೇಟಾಬೇಸ್ ಎಲ್ಲೆಡೆ ಸಿಗುವಂಥದ್ದೋ, ಒಂದೇ ಕಂಪನಿಯದೋ?

5. ಡೇಟಾವನ್ನು ಎಕ್ಸೆಲ್‌ನಲ್ಲಿ ತೆರೆಯಬಹುದಾದ ರೂಪದಲ್ಲಿ, ಯೂನಿಕೋಡ್ ಕನ್ನಡದಲ್ಲಿ, ನಾವೇ ಇಳಿಸಿಕೊಳ್ಳಬಹುದೇ?

6. ಬೇರೆ ಸರ್ವರ್‌ನಲ್ಲಿ ಒಮ್ಮೆ ಇದನ್ನು ಓಡಿಸಿ ತೋರಿಸುತ್ತೀರಾ?

ಆರನೆಯದನ್ನು ಮಾತ್ರ ಬಿಡಬೇಡಿ. ಮೊದಲ ಐದಕ್ಕೆ ಹೂಂ ಎನ್ನುವುದು ಸುಲಭ. ಕಾಗ್‌ಹೆಡ್‌ನ ಗ್ರಾಹಕರ ಕೈಯಲ್ಲೂ ಡೇಟಾ ಇತ್ತು, ವಿವರದ ಫೈಲೂ ಇತ್ತು. ಬೇರೆ ಸರ್ವರ್‌ನಲ್ಲಿ ಅದು ಎದ್ದು ಓಡುತ್ತದೆಯೇ ಎಂದು ಅವರು ಮೊದಲೇ ನೋಡಿಕೊಳ್ಳುವಂತಿರಲಿಲ್ಲ. ನಾವು ನೋಡಿಕೊಳ್ಳಬಹುದು, ಕೊನೆಯ ಕಂತು ಕೊಡುವ ಮೊದಲು.